ಕೊನೆಯ ತಂತಿಯ ಉಸಿರು

ತಂತಿಯಣ್ಣನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಆದರೂ ಪ್ರಾರ್ಥನೆ ಮನೆಯ ದೊಡ್ಡಪೆಟ್ಟಿಗೆಗೆ ಶ್ರುತಿ ಕೂಡಿಸುತ್ತಿದ್ದವನು ಅವನೇ. ಹೊಸಬರಿಗೆ ಹೇಳಿದರೆ ನಗುತ್ತಿದ್ದರು. ಅವನ ಹೆಂಡತಿ ನಗುತ್ತಿರಲಿಲ್ಲ. ಅವಳು ವರ್ಷಾವರ್ಷ ಪಕ್ಕದಲ್ಲೇ ಕೂತು ನೋಡಿದ್ದಳು.

ಅವಳು ಹೊಲಿಗೆಯವಳು. ಬೀದಿಗೆಲ್ಲ ಹೊಲಿಗೆಯಕ್ಕ. ಮುಂದಿನ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಅವಳ ಮಷಿನ್ನು, ಪಕ್ಕದಲ್ಲಿ ಗುಂಡಿಯ ಡಬ್ಬಿ. ಗಂಡ ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುತ್ತಿದ್ದ. ಆ ಗರಗಸವೇ ಅವನ ಕಿವಿ ತಿಂದದ್ದು. ಒಂದೇ ಸಲಕ್ಕಲ್ಲ, ಗೆದ್ದಲು ಬಾಗಿಲು ತಿಂದ ಹಾಗೆ. ಮದುವೆಯಾದ ಹೊಸತರಲ್ಲಿ ಅಡುಗೆಮನೆಯಿಂದ ಕೂಗಿದರೆ ಓಗೊಡುತ್ತಿದ್ದ. ಆಮೇಲೆ ಎರಡೆರಡು ಸಲ ಕೂಗಬೇಕಾಯಿತು. ಆಮೇಲೆ ಹೋಗಿ ಭುಜ ಮುಟ್ಟಬೇಕಾಯಿತು.

"ಹೆಂಡತಿ ಮಾತೊಂದು ಬಿಟ್ಟು ಊರಿಂದೆಲ್ಲ ಕೇಳ್ಸುತ್ತೆ ನಿಮಗೆ," ಅಂದಳು ಒಂದು ದಿನ.

"ಏನಂದೆ?"

"ಊಟಕ್ಕೆ ಬನ್ನಿ ಅಂದೆ."

"ಸುಳ್ಳು. ಅಷ್ಟೇ ಮಾತಿಗೆ ಬಾಯಿ ಅಷ್ಟು ಹೊತ್ತು ಆಡಲ್ಲ," ಅಂದ.

ಅವಳಿಗೂ ಸಂಗೀತಕ್ಕೂ ಎಣ್ಣೆ ಸೀಗೆಕಾಯಿ. ಒಮ್ಮೆ ನಾದಿನಿಯ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಜೋಗುಳ ಹೇಳಿದಳು. ಕೂಸು ಕಣ್ಣು ಮುಚ್ಚಿತು. ನಾದಿನಿ ಬಾಗಿಲಲ್ಲಿ ನಿಂತು, "ಅತ್ತಿಗೆ, ಅದು ಮಲಗಿಲ್ಲ, ಹೆದರ್ಕೊಂಡು ಕಣ್ಣು ಮುಚ್ಚಿದೆ," ಅಂದಳು. ಅಂದಿನಿಂದ ಅವಳ ಬಾಯಲ್ಲಿ ಇವಳು ಕಾಗೆ ಅತ್ತಿಗೆ. ನಾದಿನಿ ಅನ್ನಬಹುದಿತ್ತು. ತಂತಿಯಣ್ಣನ ತಂಗಿ ಅವಳು, ಪ್ರಾರ್ಥನೆ ಮನೆಯಲ್ಲಿ ಮೊದಲ ಸಾಲು ಎತ್ತಿಕೊಡುವವಳು. ಕಂಠವೂ ಇತ್ತು, ನಾಲಿಗೆಯೂ ಇತ್ತು.

ದೊಡ್ಡಪೆಟ್ಟಿಗೆ ಅಂದರೆ ಒಬ್ಬ ಆಳು ಕಾಲು ಚಾಚಿ ಮಲಗುವಷ್ಟು ಉದ್ದದ ಮರದ ಪೆಟ್ಟಿಗೆ. ಮೇಲೆ ಹದಿಮೂರು ದಪ್ಪ ತಂತಿ. ಅದರಲ್ಲಿ ಹಾಡು ನುಡಿಸುವುದಿಲ್ಲ. ಪ್ರಾರ್ಥನೆಯ ಒಂದೊಂದು ಸಾಲಿಗೂ ಒಂದೊಂದು ತಂತಿ ಮೀಟುತ್ತಾರೆ, ಆ ಸ್ವರ ಹಿಡಿದು ಜನ ಹೇಳುತ್ತಾರೆ. ಯಾವ ಕಾಲದ್ದು ಅಂತ ಯಾರಿಗೂ ಗೊತ್ತಿಲ್ಲ. ಕಲ್ಲಿನ ಮೆಟ್ಟಿಲು ಸವೆದ ಹಾಗೆ ಅದರ ಅಂಚು ಕೈ ತಾಗಿ ತಾಗಿ ಸವೆದಿದೆ.

ವರ್ಷಕ್ಕೊಮ್ಮೆ ಅಗಲಿದವರ ಪ್ರಾರ್ಥನೆ. ಆ ವರ್ಷ ಹೋದವರಿಗಾಗಿ. ಅದರ ಹಿಂದಿನ ದಿನ ಹದಿಮೂರೂ ತಂತಿ ಪೂರ್ತಿ ಸಡಿಲ ಬಿಟ್ಟು, ಹೊಸದಾಗಿ ಶ್ರುತಿ ಕೂಡಿಸಬೇಕು. ಹಳೆಯ ವರ್ಷದ್ದು ಏನೂ ಉಳಿಯಬಾರದು. ಪ್ರಾರ್ಥನೆಯ ಕೊನೆಗೆ ಮೊದಲ ತಂತಿಯನ್ನೂ ಕೊನೆಯ ತಂತಿಯನ್ನೂ ಒಟ್ಟಿಗೆ ಮೀಟುತ್ತಾರೆ. ಎರಡೂ ಹೆಚ್ಚು ಕಮ್ಮಿ ಒಂದೇ ಸ್ವರ. ಹೆಚ್ಚು ಕಮ್ಮಿ, ಅಷ್ಟೇ. ಆ ಕೂದಲೆಳೆ ವ್ಯತ್ಯಾಸಕ್ಕೆ ನಾದ ಉಬ್ಬುತ್ತದೆ, ಇಳಿಯುತ್ತದೆ, ಮತ್ತೆ ಉಬ್ಬುತ್ತದೆ. ನಿದ್ದೆಯಲ್ಲಿರುವವರ ಎದೆಯ ಹಾಗೆ. ಅದಕ್ಕೆ ಉಸಿರು ಅನ್ನುತ್ತಾರೆ. ಹೋದವರಿಗೆ ತಲೆಗೊಂದು ಉಸಿರು. ಅದು ನಿಲ್ಲುವವರೆಗೆ ಯಾರೂ ತಲೆ ಎತ್ತುವುದಿಲ್ಲ. ಉಸಿರು ಸಿಕ್ಕವರು ಮನೆ ಸೇರಿದರು ಅಂತ ನಂಬಿಕೆ. ಸಿಗದವರ ಮಾತು ಯಾರೂ ಆಡುವುದಿಲ್ಲ. ಸಿಗದೆ ಹೋದದ್ದೇ ಇಲ್ಲ.

ಕಿವಿ ಹೋದ ಮೇಲೆ ತಂತಿಯಣ್ಣ ಶ್ರುತಿ ಹಿಡಿಯುತ್ತಿದ್ದದ್ದು ಹಲ್ಲಿನಿಂದ. ಗಟ್ಟಿ ಮರದ ಒಂದು ಕಡ್ಡಿ ಮಾಡಿಕೊಂಡಿದ್ದ. ಒಂದು ತುದಿ ಪೆಟ್ಟಿಗೆಯ ಮೇಲೆ ಒತ್ತಿ, ಇನ್ನೊಂದು ತುದಿ ಕಚ್ಚಿ ಹಿಡಿಯುತ್ತಿದ್ದ. ಕಿವಿಯ ದಾರಿ ಮುಚ್ಚಿದರೇನು, ನಾದ ಮರದಿಂದ ಹಲ್ಲಿಗೆ, ಹಲ್ಲಿನಿಂದ ತಲೆಬುರುಡೆಗೆ ಹೋಗುತ್ತಿತ್ತು. ಕಡ್ಡಿ ಕೈಯಲ್ಲಿ ಹಿಡಿಯಬೇಕು, ಬೆರಳು ತಂತಿ ಮೀಟಬೇಕು. ಹಾಗಾಗಿ ತಂತಿ ಬಿಗಿಸುವ ಬಿರಡೆ ತಿರುಗಿಸುವ ಕೆಲಸ ಹೆಂಡತಿಗೆ. ಕಬ್ಬಿಣದ ಕೀಲಿ ಹಾಕಿ ಅವಳು ತಿರುಗಿಸುತ್ತಾ ಹೋಗಬೇಕು, ಅವನು ಬೆರಳೆತ್ತಿದರೆ ನಿಲ್ಲಿಸಬೇಕು.

"ಅಲ್ಲಿ ಏನು ತಿಳಿಯುತ್ತೆ ನಿಮಗೆ?" ಅಂತ ಕೇಳಿದ್ದಳು ಮೊದಲ ವರ್ಷ.

ಅವನು ಕಡ್ಡಿಯನ್ನು ಅವಳ ಬಾಯಿಗೆ ಕೊಟ್ಟ. ಎರಡು ತಂತಿ ಮೀಟಿದ. ಅವಳ ದವಡೆಯೊಳಗೆ ಏನೋ ತೊಟ್ಟಿಲಿನ ಹಾಗೆ ತೂಗಿತು. ಅವಳು ಕಡ್ಡಿ ಕೆಳಗೆ ಹಾಕಿ ಬಾಯಿ ಮುಚ್ಚಿಕೊಂಡಳು.

"ಅದು ಅಲೆ," ಅಂದ. "ಎರಡು ತಂತಿ ಇನ್ನೂ ಹೊಂದಿಲ್ಲ, ಜಗಳ ಆಡ್ತಿವೆ ಅಂತ. ಹತ್ತಿರ ಬರ್ತಾ ಬರ್ತಾ ಅಲೆ ನಿಧಾನ ಆಗುತ್ತೆ. ಪೂರ್ತಿ ಹೊಂದಿದಾಗ ನಿಲ್ಲುತ್ತೆ. ಕಿವಿ ಇದೆಯಲ್ಲ, ಅದು ಬೇಗ ಒಪ್ಕೊಂಡುಬಿಡುತ್ತೆ. ಹಲ್ಲು ಒಪ್ಪಲ್ಲ."

ಆಮೇಲೆ ಮನೆಗೆ ಬಂದು ಉಸಿರಿನ ವಿಷಯ ಹೇಳಿದ. ಅವಳಿಗೆ ಮಗ್ಗಿ ಸರಿಯಾಗಿ ಬರುತ್ತಿರಲಿಲ್ಲ. ಅವನೂ ಹೆಚ್ಚು ಓದಿದವನಲ್ಲ, ಅವನಪ್ಪ ಹೇಳಿಕೊಟ್ಟದ್ದು.

ತಂತಿಯನ್ನು ಅರ್ಧಕ್ಕೆ ಒತ್ತಿ ಹಿಡಿದರೆ ಅದೇ ಸ್ವರ ಮೇಲೆ ಕೇಳಿಸುತ್ತದೆ. ಮೂರು ಪಾಲು ಮಾಡಿ ಎರಡು ಪಾಲು ಹಿಡಿದರೆ ಬೇರೆ ಸ್ವರ. ಹಾಡುವವರು ಪಂಚಮ ಅನ್ನುವುದು ಅದನ್ನೇ. ಮೊದಲ ತಂತಿಯ ಪಂಚಮಕ್ಕೆ ಎರಡನೆಯದು, ಎರಡನೆಯದರ ಪಂಚಮಕ್ಕೆ ಮೂರನೆಯದು, ಹೀಗೇ ಹೋಗಬೇಕು. ತೀರಾ ಮೇಲೆ ಹೋದರೆ ಅರ್ಧದ ಲೆಕ್ಕದಲ್ಲಿ ಕೆಳಗಿಳಿಸಿಕೊಳ್ಳಬೇಕು.

"ಅಂದ್ರೆ ಮೂರರ ಲೆಕ್ಕದಲ್ಲಿ ಹತ್ತೋದು, ಎರಡರ ಲೆಕ್ಕದಲ್ಲಿ ಇಳಿಯೋದು," ಅಂದ. "ಹದಿಮೂರನೇ ತಂತಿಗೆ ಬರೋ ಹೊತ್ತಿಗೆ ಹೊರಟ ಜಾಗಕ್ಕೇ ಬಂದಿರ್ತೀವಿ. ಆದ್ರೆ ಮನೆ ಬಾಗಿಲು ಒಂದು ಕೂದಲಷ್ಟು ದಾಟಿರುತ್ತೆ. ಆ ಕೂದಲೇ ಉಸಿರು."

"ಯಾಕೆ ದಾಟುತ್ತೆ? ಸರಿಯಾಗಿ ಮಾಡಿ."

"ಸರಿಯಾಗಿ ಮಾಡಿದ್ರೇ ದಾಟೋದು. ಗುಂಡಿ ಡಬ್ಬಿ ತಾ."

ಡಬ್ಬಿಯನ್ನು ಮೇಜಿನ ಮೇಲೆ ಸುರಿದ. ಮೂರು ಗುಂಡಿ ಇಟ್ಟ. "ಜೋಡಿ ಮಾಡು." ಅವಳು ಎರಡನ್ನು ಜೋಡಿ ಮಾಡಿದಳು, ಒಂದು ಉಳಿಯಿತು. ಮೂರನ್ನು ಮೂರು ಪಟ್ಟು ಮಾಡಿ ಒಂಬತ್ತು ಇಟ್ಟ. ಜೋಡಿ ಮಾಡಿದಳು, ಒಂದು ಉಳಿಯಿತು. ಅದರ ಮೂರು ಪಟ್ಟು ಇಪ್ಪತ್ತೇಳು. ಮತ್ತೆ ಒಂದು. ಅವಳಿಗೆ ಹಟ ಬಂತು. ಸೆರಗು ಸಿಕ್ಕಿಸಿಕೊಂಡು ಕೂತಳು. ಎಂಬತ್ತೊಂದು ಆಯಿತು, ಮೇಜು ಸಾಲದೆ ನೆಲಕ್ಕಿಳಿಯಿತು. ಅಂಗಿಯ ಗುಂಡಿ, ಕೋಟಿನ ಗುಂಡಿ, ಹಿತ್ತಾಳೆಯದು, ಚಿಪ್ಪಿನದು. ಡಬ್ಬಿ ಖಾಲಿಯಾಯಿತು. ಜೋಡಿಗಳ ಸಾಲು ಬಾಗಿಲವರೆಗೆ ಹೋಯಿತು. ತುದಿಯಲ್ಲಿ ಮತ್ತೆ ಒಂದು ಒಂಟಿ ಗುಂಡಿ.

"ಎರಡನ್ನ ಎರಡು ಪಟ್ಟು ಮಾಡ್ತಾ ಹೋದ್ರೆ ಯಾವತ್ತೂ ಜೋಡಿ," ಅಂದ ಅವನು. "ಮೂರನ್ನ ಮೂರು ಪಟ್ಟು ಮಾಡ್ತಾ ಹೋದ್ರೆ ಯಾವತ್ತೂ ಒಂದು ಮಿಕ್ಕುತ್ತೆ. ಪ್ರಳಯ ಆಗೋತನಕ ಮಾಡು. ಇವೆರಡೂ ಒಂದೇ ಕಡೆ ಬಂದು ನಿಲ್ಲಲ್ಲ. ಇದನ್ನ ಯಾರೂ ಮಾಡಿದ್ದಲ್ಲ ಕಣೇ. ಪೆಟ್ಟಿಗೆ ಮಾಡಿದವನು ಮಾಡಿಲ್ಲ, ನಮ್ಮಪ್ಪ ಮಾಡಿಲ್ಲ. ಮರ ಹುಟ್ಟೋಕೆ ಮುಂಚೆ, ಮನುಷ್ಯ ಹುಟ್ಟೋಕೆ ಮುಂಚೆ ಹೀಗೇ ಇತ್ತು. ಅದಕ್ಕೇ ಉಸಿರನ್ನ ನಾವು ಹಾಕ್ಬಾರ್ದು. ಅದು ತಾನಾಗಿ ಉಳೀಬೇಕು."

ಅವಳು ನೆಲದ ಮೇಲೆ ಕೂತು ಆ ಒಂದು ಗುಂಡಿಯನ್ನೇ ನೋಡಿದಳು. ಎರಡು ತೂತಿನ, ಅಂಚು ಮುಕ್ಕಾದ, ಯಾವ ಅಂಗಿಗೂ ಬಾರದ ಗುಂಡಿ. ಆ ದಿನ ಅಡುಗೆ ತಡವಾಯಿತು.

ಅವನು ಸತ್ತದ್ದು ಒಂದು ಮಧ್ಯಾಹ್ನ. ಎದೆ ಹಿಡಿದುಕೊಂಡು ಗೋಡೆಗೆ ಒರಗಿ ಕೂತ. ಅವಳು ಮಷಿನ್ನಿನ ಮುಂದೆ ಇದ್ದಳು. ಒಂದು ತೋಳು ಹೊಲಿದು ತಲೆ ಎತ್ತುವಷ್ಟರಲ್ಲಿ ಮುಗಿದಿತ್ತು. ಅವಳು ಕೂಗಿದಳು. ಕೂಗಿದರೆ ಕೇಳಿಸುವುದಿಲ್ಲ ಅಂತ ಗೊತ್ತಿದ್ದೂ ಕೂಗಿದಳು.

ಅಗಲಿದವರ ಪ್ರಾರ್ಥನೆ ಹತ್ತಿರ ಬಂದಾಗ ಪ್ರಾರ್ಥನೆ ಮನೆಯ ಹಿರಿಯರೊಬ್ಬರು ಬಂದರು. ಒಳ್ಳೆಯ ಮುದುಕರು. ನೀರು ಕುಡಿದು, ಲೋಟ ಕೆಳಗಿಟ್ಟು, ಮಾತು ಹೇಗೆ ತೆಗೆಯುವುದು ಅಂತ ತೋಚದೆ ಲೋಟವನ್ನೇ ತಿರುಗಿಸಿದರು.

"ಶ್ರುತಿ ಯಾರು ಕೂಡಿಸ್ತಾರಮ್ಮ ಈ ಸಲ?"

ನಾದಿನಿಯೂ ಅಲ್ಲೇ ಇದ್ದಳು. ಅವಳ ಬೆರಳ ಗಂಟುಗಳು ವಾತದಿಂದ ಹಿಡಿದುಹೋಗಿದ್ದವು. ಕೀಲಿ ಹಿಡಿಯುವ ಮಾತಿಲ್ಲ.

"ನಾನು ಕೂಡಿಸ್ತೀನಿ," ಅಂದಳು ಹೊಲಿಗೆಯಕ್ಕ.

"ಅಯ್ಯೋ ಕಾಗೆ!" ಅಂದಳು ನಾದಿನಿ. ಅಂದವಳೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಿನಗೆ ಸ್ವರ ಅಂದ್ರೆ ಗೊತ್ತಾ ಅತ್ತಿಗೆ?"

"ಗೊತ್ತಿಲ್ಲ. ಹಲ್ಲಿದೆ."

ಹಿರಿಯರು ಒಪ್ಪಿದರು. ಬೇರೆ ಯಾರೂ ಇರಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು. "ತಂತಿ ಹುಷಾರು ತಾಯಿ. ಎಲ್ಲ ಅವನೇ ಹೊಸೆದು ಮಾಡಿದ್ದು. ಒಂದು ಹರಿದ್ರೂ ಬದಲಿಗೆ ಇನ್ನೊಂದಿಲ್ಲ."

ಆ ಮಾತು ಅವಳ ಕೈಯಲ್ಲಿ ಕೂತಿತು.

ಪ್ರಾರ್ಥನೆಯ ಹಿಂದಿನ ದಿನ ಬೆಳಗ್ಗೆ ಅತ್ತಿಗೆ ನಾದಿನಿ ಇಬ್ಬರೂ ಹೋದರು. ಹಾಲ್ ಖಾಲಿ. ಬೆಂಚುಗಳನ್ನು ಗೋಡೆಗೆ ಸರಿಸಿದ್ದರು. ಹೊಲಿಗೆಯಕ್ಕ ಹದಿಮೂರೂ ತಂತಿ ಸಡಿಲ ಬಿಟ್ಟಳು. ಮೊದಲ ತಂತಿಗೆ ಅಳತೆ ಅಂತ ಒಂದು ಹಳೆಯ ಗಂಟೆ ಇದೆ, ಅದಕ್ಕೆ ಹೊಂದಿಸಿದಳು. ಆಮೇಲೆ ಕಡ್ಡಿ ಬಾಯಿಗೆ ತಂದಳು.

ಕಡ್ಡಿಯ ಮೇಲೆ ಅವನ ಹಲ್ಲಿನ ಗುರುತು. ಮೇಲಿನ ಸಾಲಲ್ಲಿ ಒಂದು ಕಡೆ ಗುರುತಿಲ್ಲ, ಅಲ್ಲಿ ಅವನಿಗೆ ಹಲ್ಲು ಇರಲಿಲ್ಲ. ಅವಳ ಹಲ್ಲು ಚಿಕ್ಕವು. ಆ ಗುಳಿಗಳಲ್ಲಿ ಸಡಿಲವಾಗಿ ಕೂತವು, ದೊಡ್ಡವರ ಚಪ್ಪಲಿಯಲ್ಲಿ ಮಗುವಿನ ಕಾಲಿನ ಹಾಗೆ. ಒಂದು ಗಳಿಗೆ ಅವಳು ಮೀಟಲಿಲ್ಲ.

"ಅತ್ತಿಗೆ?" ಅಂದಳು ನಾದಿನಿ.

"ಊಂ," ಅಂದಳು ಕಡ್ಡಿ ಕಚ್ಚಿಕೊಂಡೇ. ಮೀಟಿದಳು.

ಅಲೆ ಬಂತು. ಕಡ್ಡಿಯನ್ನು ಹಲ್ಲಿನಿಂದಲೇ ಮರಕ್ಕೆ ಒತ್ತಿ ಹಿಡಿದು, ಒಂದು ಕೈಯಲ್ಲಿ ಮೀಟುತ್ತಾ ಇನ್ನೊಂದು ಕೈಯಲ್ಲಿ ಕೀಲಿ ತಿರುಗಿಸಿದಳು. ಅಲೆ ನಿಧಾನವಾಯಿತು. ತಂತಿ ಬಿಗಿಯಿತು, ಬಿರಡೆ ಕಿರ್ ಅಂದಿತು. ಅಲೆ ಇನ್ನೇನು ನಿಂತಿತು ಅನ್ನುವಾಗ ಕೈ ತಾನೇ ನಿಂತಿತು. ಹರಿದರೆ ಬದಲಿಗೆ ಇನ್ನೊಂದಿಲ್ಲ. ನಾದಿನಿಯ ಮುಖ ನೋಡಿದಳು.

"ಪಂಚಮ ಸರಿಯಾಗಿದೆ," ಅಂದಳು ನಾದಿನಿ. ದನಿಯಲ್ಲಿ ಬೆರಗಿತ್ತು. "ಚೆನ್ನಾಗೇ ಇದೆ ಕಾಗೆ."

ಹೀಗೆ ಒಂದಾದ ಮೇಲೆ ಒಂದು. ಒಂದೊಂದು ಜೋಡಿಯನ್ನೂ ನಾದಿನಿ ಕೇಳಿದಳು, ಒಂದೊಂದಕ್ಕೂ ತಲೆದೂಗಿದಳು. ಬಿಸಿಲು ಕಿಟಕಿಯಿಂದ ಕಿಟಕಿಗೆ ಸರಿಯಿತು. ಹದಿಮೂರನೆಯದೂ ಆಯಿತು. ಹೊಲಿಗೆಯಕ್ಕ ಕಡ್ಡಿ ಪಕ್ಕಕ್ಕಿಟ್ಟು, ಮೊದಲ ತಂತಿ ಕೊನೆಯ ತಂತಿ ಎರಡನ್ನೂ ಒಟ್ಟಿಗೆ ಮೀಟಿದಳು.

ನಾದ ಬಂತು. ಉದ್ದಕ್ಕೆ, ನೆಟ್ಟಗೆ, ಗೆರೆ ಎಳೆದ ಹಾಗೆ ಹೋಯಿತು. ಉಬ್ಬಲಿಲ್ಲ, ಇಳಿಯಲಿಲ್ಲ. ಹಾಗೇ ಸಣ್ಣಗಾಗಿ ಮುಗಿಯಿತು.

ಇನ್ನೊಮ್ಮೆ ಮೀಟಿದಳು. ಅದೇ ನೆಟ್ಟನೆಯ ನಾದ. ಎರಡು ತಂತಿ ಒಂದೇ ಆಗಿಹೋಗಿದ್ದವು.

ನಾದಿನಿ ಪೆಟ್ಟಿಗೆಯಿಂದ ಹಿಂದೆ ಸರಿದಳು. "ಅಣ್ಣ ಉಸಿರು ತಗೊಂಡೇ ಹೋದ್ನಾ ಅತ್ತಿಗೆ?"

ಹಿರಿಯರು ಬಂದು ಕೇಳಿದರು. ಅವರಿಗೂ ಅದೇ ನೆಟ್ಟನೆಯ ನಾದ. ಆ ವರ್ಷ ಹಾಲು ಹಾಕುವವನ ತಾಯಿ ಹೋಗಿದ್ದಳು. ಶಾಲೆಯ ಮೇಷ್ಟ್ರು ಹೋಗಿದ್ದರು. ಹೆರಿಗೆಯಲ್ಲಿ ಒಬ್ಬಳು ಹುಡುಗಿ ಹೋಗಿದ್ದಳು. ತಂತಿಯಣ್ಣನಿಗೆ ಮಾತ್ರ ಅಲ್ಲ, ಎಲ್ಲರಿಗೂ ಉಸಿರು ಬೇಕಿತ್ತು.

"ಕೊನೇ ತಂತೀನ ಒಂಚೂರು ಏರಿಸಿಬಿಡಮ್ಮ," ಅಂದರು ಮೆಲ್ಲಗೆ. "ನಡುಕ ಬರುತ್ತೆ. ಜನಕ್ಕೆ ಅಷ್ಟು ಸಾಕು."

ಅವಳು ಕೀಲಿ ಹಾಕಿದಳು. ಕೈ ಅಲ್ಲೇ ನಿಂತಿತು. ತೆಗೆದಳು.

"ಅದು ನಾನು ಹಾಕಿದ ಉಸಿರಾಗುತ್ತೆ," ಅಂದಳು. "ಅದನ್ನ ತಗೊಂಡು ಅವರು ಎಲ್ಲಿಗೆ ಹೋಗ್ತಾರೆ?"

"ಮತ್ತೇನು ಮಾಡ್ತೀಯ?"

"ಗೊತ್ತಿಲ್ಲ."

ಮನೆಗೆ ಬಂದು ಗುಂಡಿಯ ಡಬ್ಬಿ ಸುರಿದಳು. ಹುಚ್ಚಿಯ ಹಾಗೆ ಮೂರು, ಒಂಬತ್ತು, ಇಪ್ಪತ್ತೇಳು ಇಟ್ಟಳು. ಜೋಡಿ ಮಾಡಿದಳು. ಒಂದು ಉಳಿದೇ ಉಳಿಯಿತು. ಅವನು ಸತ್ತರೂ ಉಳಿಯಿತು. ಹಾಗಾದರೆ ಲೆಕ್ಕ ಎಲ್ಲೂ ಹೋಗಿಲ್ಲ. ಲೆಕ್ಕಕ್ಕೆ ಸಾವಿಲ್ಲ. ಎಲ್ಲೋ ತನ್ನ ಕೈ ತಪ್ಪಿದೆ. ಆದರೆ ನಾದಿನಿಯ ಕಿವಿ ಎಲ್ಲವನ್ನೂ ಸರಿ ಅಂದಿತ್ತಲ್ಲ?

ಮರುದಿನ ಬೆಳಗ್ಗೆ ಕೈಗೆ ಕೆಲಸ ಬೇಕಾಗಿ ಮಷಿನ್ನಿಗೆ ಕೂತಳು. ಅರ್ಧ ಹೊಲಿದಿಟ್ಟ ಒಂದು ಲಂಗ ಇತ್ತು. ಹನ್ನೆರಡು ಪಟ್ಟಿ ಜೋಡಿಸಿ ಹೊಲಿಯುವ ಲಂಗ. ಕಲಿಯುವ ಕಾಲದಲ್ಲಿ ಅಂಥದ್ದೊಂದು ಹೊಲಿದು ಬೈಸಿಕೊಂಡಿದ್ದಳು. ಪ್ರತಿ ಹೊಲಿಗೆಯೂ ನೀಟಾಗಿತ್ತು, ತೊಟ್ಟುಕೊಂಡರೆ ಸೊಂಟ ಹಿಡಿಯುತ್ತಿತ್ತು. ಕಲಿಸಿದ ಮುದುಕಿ ತಲೆಗೆ ಮೊಟಕಿದ್ದಳು: "ಒಂದೊಂದು ಹೊಲಿಗೇಲೂ ಒಂದೊಂದು ನೂಲೆಳೆ ತಿಂದಿದ್ದೀಯ ಕಣೇ. ಒಂದು ಕಡೆ ನೋಡಿದ್ರೆ ಏನಿಲ್ಲ. ಹನ್ನೆರಡೂ ಸೇರಿದ್ರೆ ಬೆರಳಗಲ."

ಮಷಿನ್ನಿನ ಮೇಲೆ ಅವಳ ಕಾಲು ನಿಂತಿತು.

ಗಂಟೆಗೆ ಹೊಂದಿಸಿದ ಮೊದಲನೆಯದು ಬಿಟ್ಟು ಉಳಿದ ಒಂದೊಂದು ತಂತಿಯಲ್ಲೂ ಕೂದಲಷ್ಟು ಮುಂಚೆ ನಿಲ್ಲಿಸಿದ್ದಳು. ಹರಿಯುತ್ತದೆ ಅಂತ ಹೆದರಿ. ಅಲೆ ನಿಂತಿರಲಿಲ್ಲ, ನಿಂತ ಹಾಗಿತ್ತು. ಕಿವಿ ಒಪ್ಪಿಕೊಂಡಿತ್ತು. ಹಲ್ಲು ಹೇಳಿತ್ತು, ಇವಳು ಕೇಳಿರಲಿಲ್ಲ. ಹನ್ನೆರಡು ಹೆದರಿಕೆ ಸೇರಿ ಒಂದು ಉಸಿರನ್ನು ತಿಂದಿತ್ತು.

ಲಂಗ ಅಲ್ಲೇ ಬಿಟ್ಟು ನಾದಿನಿಯ ಮನೆಗೆ ಓಡಿದಳು. "ಬಾರೇ. ಪೂರ್ತಿ ಬಿಚ್ಚಿ ಮತ್ತೆ ಮಾಡೋಣ."

"ಪ್ರಾರ್ಥನೆ ಇವತ್ತೇ ಸಂಜೆ! ಹರಿದ್ರೆ?"

"ಹರಿದ್ರೆ ಹರೀಲಿ. ಹೆದರ್ಕೊಂಡು ಬಿಗಿದ್ರೆ ಬರೋದಿಲ್ಲ ಅದು."

ಹಿರಿಯರು ಬೇಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ. ದೂರದ ಬೆಂಚಿನ ಮೇಲೆ ಮುಖ ತಿರುಗಿಸಿ ಕೂತರು.

ಹೊಲಿಗೆಯಕ್ಕ ತಂತಿಗಳನ್ನು ಸಡಿಲ ಬಿಟ್ಟು, ಮೊದಲನೆಯದನ್ನು ಗಂಟೆಗೆ ಹೊಂದಿಸಿದಳು. ಕಡ್ಡಿ ಕಚ್ಚಿದಳು. ಈ ಸಲ ಕಣ್ಣು ಮುಚ್ಚಿದಳು, ಯಾರ ಮುಖವನ್ನೂ ನೋಡಲಿಲ್ಲ. ಅಲೆ ಬಂತು. ನಿಧಾನವಾಯಿತು. ಇನ್ನೂ ನಿಧಾನ. ನಿನ್ನೆ ನಿಲ್ಲಿಸಿದ ಜಾಗ ಬಂತು. ಗೊತ್ತಾಯಿತು ಅವಳಿಗೆ: ಹಲ್ಲಿನ ಬುಡದಲ್ಲಿ, ತುಂಬಾ ಆಳದಲ್ಲಿ, ಏನೋ ಇನ್ನೂ ಮಗ್ಗುಲು ಬದಲಿಸುತ್ತಿತ್ತು. ಕೀಲಿ ತಿರುಗಿಸಿದಳು. ಬಿರಡೆ ನರಳಿತು. "ಅತ್ತಿಗೇ," ಅಂತ ನಾದಿನಿಯ ದನಿ. ತಿರುಗಿಸಿದಳು.

ನಿಂತಿತು.

ನಾದ ನಿಂತದ್ದಲ್ಲ. ನಾದ ಇತ್ತು, ತಲೆ ತುಂಬ ಇತ್ತು. ಅದರೊಳಗಿನ ಅಲುಗಾಟ ನಿಂತಿತು. ಗಾಳಿ ನಿಂತ ಮೇಲೆ ಕೆರೆ ಆಕಾಶವನ್ನು ಹಿಡಿದುಕೊಳ್ಳುವ ಹಾಗೆ. ಅವಳ ಕೆನ್ನೆ, ಹಣೆ, ಕಣ್ಣಿನ ಗುಳಿ ಎಲ್ಲ ಆ ನಿಲುವಿನಲ್ಲಿ ತುಂಬಿಹೋಯಿತು. ಇಷ್ಟು ವರ್ಷ ಅವನು ಬೆರಳೆತ್ತುತ್ತಿದ್ದದ್ದು ಈ ಜಾಗಕ್ಕೆ. ಅವನು ಎಲ್ಲಿರುತ್ತಿದ್ದ ಅಂತ ಅವಳಿಗೆ ಈಗ ತಿಳಿಯಿತು. ಊರಿನ ಗದ್ದಲ ಯಾವುದೂ ತಲುಪದ ಜಾಗದಲ್ಲಿ ಅವನು ಇಷ್ಟು ಹತ್ತಿರದಿಂದ ಇದನ್ನು ಕೇಳುತ್ತಿದ್ದ. ಕಿವುಡ ಅಂತ ಕನಿಕರಪಟ್ಟಿದ್ದಳಲ್ಲ!

ಆಮೇಲೆ ಮೂರನೆಯದು. ನಾಲ್ಕನೆಯದು. ಒಂದು ತಂತಿ ತನ್ನನ್ನು ಹೊತ್ತ ಮರದ ಕುದುರೆಯ ಮೇಲೆ ಟಣ್ ಅಂತ ಜಾರಿದಾಗ ನಾದಿನಿ ಕಿರುಚಿ ಕಿವಿ ಮುಚ್ಚಿಕೊಂಡಳು. ಹರಿದಿರಲಿಲ್ಲ, ಮರದ ಮೇಲೆ ಸರಿದು ಕೂತಿತ್ತು. ಹೊಲಿಗೆಯಕ್ಕ ಕಣ್ಣು ಬಿಡಲಿಲ್ಲ. ಒಂದೊಂದನ್ನೂ ಆ ನಿಲುವಿನವರೆಗೆ ಕರೆದುಕೊಂಡು ಹೋದಳು, ಕೂದಲಷ್ಟೂ ಮುಂಚೆ ಬಿಡಲಿಲ್ಲ. ದವಡೆ ನೋಯಿತು. ಜೊಲ್ಲು ಕಡ್ಡಿಯ ಮೇಲೆ ಇಳಿಯಿತು. ಹದಿಮೂರನೆಯದು ಮುಗಿದಾಗ ಕೀಲಿ ಕೆಳಗಿಟ್ಟಳು.

"ನೀನೇ ಮೀಟು," ಅಂದಳು ನಾದಿನಿಗೆ.

ನಾದಿನಿ ಗಂಟು ಹಿಡಿದ ಎರಡೂ ಕೈಯ ಬೆರಳಿನಿಂದ ಎರಡೂ ತುದಿಯ ತಂತಿ ಮೀಟಿದಳು.

ನಾದ ಉಬ್ಬಿತು. ಇಳಿಯಿತು. ಉಬ್ಬಿತು.

ಬೆಂಚಿನ ಮೇಲಿನ ಹಿರಿಯರು ಎದ್ದು ನಿಂತರು. ಯಾರೂ ಹಾಕದ್ದು. ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೆ ತಾನೇ ಮಿಕ್ಕಿದ್ದು. ಈ ಹೆಂಗಸು ಮಾಡಿದರೂ ಅಷ್ಟೇ ಮಿಕ್ಕುತ್ತದೆ, ಅವನು ಮಾಡಿದಾಗಲೂ ಅಷ್ಟೇ, ಸಾವಿರ ವರ್ಷದ ಹಿಂದೆ ಯಾರೋ ಮಾಡಿದಾಗಲೂ ಅಷ್ಟೇ.

"ಅಣ್ಣ ತಗೊಂಡು ಹೋಗಿಲ್ಲ," ಅಂದಳು ನಾದಿನಿ. ಅಳುತ್ತಾ ನಕ್ಕಳು. "ಕಾಗೆ ಬಾಯಲ್ಲಿ ಬಚ್ಚಿಟ್ಟಿದ್ದ."

ಸಂಜೆ ಹಾಲ್ ತುಂಬಿತು. ಹಾಲು ಹಾಕುವವನು ತಾಯಿಗಾಗಿ ಮುಂದೆ ಕೂತಿದ್ದ. ಹೋದ ಹುಡುಗಿಯ ಗಂಡ ಕೂಸನ್ನು ಎತ್ತಿಕೊಂಡು ಬಂದಿದ್ದ. ಸಾಲುಗಳು ಮುಗಿದವು. ಒಬ್ಬೊಬ್ಬರಿಗಾಗಿ ಉಸಿರು ಮೀಟಿದರು, ಜನ ತಲೆ ಬಾಗಿಸಿದರು, ಎತ್ತಿದರು.

ಕೊನೆಗೆ ತಂತಿಯಣ್ಣನದು. ಹೊಲಿಗೆಯಕ್ಕ ಪೆಟ್ಟಿಗೆಯ ಪಕ್ಕಕ್ಕೆ ಬಂದು ಮಂಡಿಯೂರಿ ಕೂತಳು. ಸೆರಗಿನಿಂದ ಕಡ್ಡಿ ತೆಗೆದು, ಒಂದು ತುದಿ ಮರಕ್ಕೆ ಒತ್ತಿ, ಅವನ ಹಲ್ಲಿನ ಗುಳಿಗಳಲ್ಲಿ ತನ್ನ ಹಲ್ಲು ಇಟ್ಟಳು. ಹಿರಿಯರು ಮೀಟಿದರು.

ಉಸಿರು ಬಂತು. ಹಾಲ್ ತುಂಬ ಹೋಯಿತು, ಗೋಡೆ ಮುಟ್ಟಿತು, ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು. ಕೇಳಿಸದಾಯಿತು. ಜನ ತಲೆ ಎತ್ತಿದರು. ಬೆಂಚುಗಳು ಸರಿದವು, ಯಾರೋ ಕೆಮ್ಮಿದರು. ಹಿರಿಯರು ಮುಗಿಸುವ ಮಾತು ಹೇಳಲು ಬಾಯಿ ತೆರೆದರು.

ಅವಳು ಕಣ್ಣು ಬಿಡದೆ ಒಂದು ಕೈ ಎತ್ತಿದಳು. ಒಂದೇ ಬೆರಳು.

ನಾದಿನಿ ನೋಡಿದಳು. ಜನರ ಕಡೆ ತಿರುಗಿದಳು.

"ತಡೀರಿ," ಅಂದಳು. "ಇನ್ನೂ ಇದೆ."

ಎಲ್ಲರೂ ಮತ್ತೆ ತಲೆ ಬಾಗಿಸಿದರು.